ಮುಂಗೈ ಮೇಲಿನ ನೇರಳೆ ಮುದ್ರೆ

ಮೊನ್ನೆ ತಂಗಿಯ ಮಗಳು ವಿನುತ ತನ್ನ ಮಕ್ಕಳ ಜೊತೆ ನನ್ನನ್ನೂ ಎಳೆದುಕೊಂಡು ಊರಾಚೆಯ ದೊಡ್ಡ ಮನರಂಜನಾ ಪಾರ್ಕೊಂದಕ್ಕೆ ಹೋದಳು. ಅಲ್ಲಿಯದೇ ಹೋಟೆಲಿನಲ್ಲಿ ಉಳಿಯುವ ಏರ್ಪಾಡು. ಹಾಗೆ ಉಳಿದವರಿಗೆ ಒಂದು ವಿಶೇಷ ಸವಲತ್ತಿದೆಯಂತೆ. ಸಂಜೆ ಬಂದವರನ್ನೆಲ್ಲ ಹೊರಗೆ ಕಳಿಸಿದ ಮೇಲೆ ಹೋಟೆಲಿನವರಿಗಷ್ಟೇ ಮತ್ತೆ ಗೇಟು ತೆರೆಯುತ್ತಾರೆ, ನೂಕುನುಗ್ಗಲಿಲ್ಲ, ಸಾಲಿಲ್ಲ. ಗೇಟಿನಲ್ಲಿದ್ದ ಹುಡುಗಿ ನಗುನಗುತ್ತಲೇ "ಕೈ ಕೊಡಿ ಆಂಟಿ" ಅಂದಳು. ನನ್ನ ಮುಂಗೈಗೆ ಹೋಟೆಲಿನವರು ಸುತ್ತಿದ್ದ ಕಾಗದದ ಪಟ್ಟಿಯನ್ನು ತಿರುಗಿಸಿ ತನ್ನ ಯಂತ್ರಕ್ಕೆ ತೋರಿಸಿದಳು. ಅದು ಕುಂಯ್ ಅಂದಿತು. "ಓಕೆ, ನಮ್ಮ ಗೆಸ್ಟೇ" ಅಂದಳು.

ಆ ಹುಡುಗಿಯದೇನೂ ತಪ್ಪಿರಲಿಲ್ಲ. ಆದರೂ ಅವಳ ಬೆರಳು ಮುಂಗೈಗೆ ತಾಗಿದ್ದೇ ತಡ, ಕೈ ಹಿಂದಕ್ಕೆಳೆದುಕೊಂಡೆ. ಒಳಗೆ ಹೋಗಿ ಮೊದಲು ಸಿಕ್ಕ ಕಲ್ಲುಬೆಂಚಿನ ಮೇಲೆ ಕೂತು, ಸೆರಗಿನ ತುದಿಯಿಂದ ಆ ಜಾಗವನ್ನು ತಿಕ್ಕತೊಡಗಿದೆ.

"ಯಾಕೆ ದೊಡ್ಡಮ್ಮ, ಕಡಿತಾ ಇದೆಯಾ?" ಅಂದಳು ವಿನುತ.

"ಏನಿಲ್ಲ ಕಣೇ, ನೀವು ಹೋಗಿ ಬನ್ನಿ" ಅಂದೆ.

ಕಡಿತವಾಗಿದ್ದರೆ ಹೇಳಬಹುದಿತ್ತು. ಅದು ಹೇಸಿಗೆ. ಸುಮಾರು ಐವತ್ತು ವರ್ಷ ಹಳೆಯ ಹೇಸಿಗೆ.

ಎಪ್ಪತ್ತರ ದಶಕದ ನಡುಗಾಲ ಅದು. ನನಗಾಗ ಇಪ್ಪತ್ತು. ಪಿಯುಸಿ ಮುಗಿಸಿ ರಾಜಾಜಿನಗರದ ಕಾರ್ಮಿಕರ ಕ್ವಾರ್ಟರ್ಸಿನ ನಮ್ಮ ಪುಟ್ಟ ಮನೆಯಲ್ಲಿ ಕೂತಿದ್ದೆ. ಅಪ್ಪ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಮಾಗಡಿ ರಸ್ತೆಯಲ್ಲಿ ಶ್ರೀಗಂಧದ ಕಾವಲಿನ ಕಡೆಗೆ ಹೋದರೆ ಆಗ ಎರಡೂ ಬದಿಗೆ ರಾಗಿ ಹೊಲ, ಅವರೆ ಸಾಲು, ಹೊಂಗೆ ಮರ. ಆ ಹೊಲಗಳ ನಡುವೆ ಯಾರೋ ದುಡ್ಡಿದ್ದವರು ಒಂದು ವಿಹಾರಧಾಮ ಕಟ್ಟಿಸಿದರು. ಒಂದು ಜೈಂಟ್ ವೀಲು, ಪುಟಾಣಿ ರೈಲು, ದೋಣಿ ಬಿಡುವ ಕೊಳ, ಮುಖವನ್ನು ಸೊಟ್ಟಗೆ ತೋರಿಸುವ ಕನ್ನಡಿಗಳ ಮನೆ. ಅದಕ್ಕೆ ಅಂಟಿಕೊಂಡ ಹಾಗೆ ಎರಡಂತಸ್ತಿನ ಒಂದು ಲಾಡ್ಜು.

ಹಗಲೆಲ್ಲ ಅಲ್ಲಿ ಮಾರೇನಹಳ್ಳಿ, ವಿಜಯನಗರ, ಬಸವೇಶ್ವರನಗರದ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಚಿತ್ರಾನ್ನದ ಡಬ್ಬಿ ಬಿಚ್ಚಿ ಹುಲ್ಲಿನ ಮೇಲೆ ಕೂರುತ್ತಿದ್ದರು. ಸಂಜೆ ಏಳಕ್ಕೆ ಕಾವಲುಗಾರ ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡಿಗೆ ಢಣಢಣ ಬಾರಿಸುತ್ತಿದ್ದ. ಆಮೇಲೆ ಬೆತ್ತ ಹಿಡಿದು ಜನರನ್ನು ಗೇಟಿನ ಕಡೆ ಅಟ್ಟುತ್ತಿದ್ದ. ಕೋಳಿ ಓಡಿಸುವಾಗ ಮಾಡುವ ಸದ್ದನ್ನೇ ಬಾಯಲ್ಲಿ ಮಾಡುತ್ತಿದ್ದ. ಎಲ್ಲರೂ ಹೊರಬಿದ್ದ ಮೇಲೆ ಏಳೂಕಾಲಿಗೆ ಲಾಡ್ಜಿನ ಕಡೆಯ ಸಣ್ಣ ಗೇಟು ತೆರೆಯುತ್ತಿತ್ತು. ಅಲ್ಲಿಂದ ಎಂಟೂವರೆಯವರೆಗೆ ಇಡೀ ವಿಹಾರಧಾಮ ಲಾಡ್ಜಿನವರದು. ಹುಬ್ಬಳ್ಳಿ, ದಾವಣಗೆರೆ ಕಡೆಯ ವ್ಯಾಪಾರಿ ಕುಟುಂಬಗಳು, ವರ್ಗವಾಗಿ ಬಂದ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು. ಲಾಡ್ಜಿನ ಬೋರ್ಡಿನ ಮೇಲೆ ಅದನ್ನೇ ದೊಡ್ಡದಾಗಿ ಬರೆಸಿದ್ದರು: 'ನಮ್ಮ ಅತಿಥಿಗಳಿಗೆ ಮಾತ್ರ.'

ಆ 'ಮಾತ್ರ'ವನ್ನು ಕಾಯುವುದೇ ಮ್ಯಾನೇಜರ್ ಜಯಣ್ಣನ ದೊಡ್ಡ ಚಿಂತೆ. ಮೊದಮೊದಲು ರೂಮಿನ ಬೀಗದ ಕೈಯ ಹಿತ್ತಾಳೆ ಬಿಲ್ಲೆ ತೋರಿಸಿದರೆ ಒಳಗೆ ಬಿಡುತ್ತಿದ್ದರು. ಒಂದೇ ಬಿಲ್ಲೆ ತೋರಿಸಿ ಎಂಟು ಜನ ನೆಂಟರು ನುಗ್ಗತೊಡಗಿದರು. ಆಮೇಲೆ ರೂಮು ನಂಬರು, ಜನರ ಲೆಕ್ಕ ಬರೆದ ಚೀಟಿ ಬಂತು. ಒಳಗೆ ಹೋದವರು ಅದನ್ನು ಕಲ್ಲಿಗೆ ಸುತ್ತಿ ಗೋಡೆಯಾಚೆ ಎಸೆದು ಇನ್ನೊಬ್ಬರನ್ನು ಕರೆಸಿಕೊಂಡರು. ಕೊನೆಗೆ ಜಯಣ್ಣ ರಬ್ಬರ್ ಸ್ಟ್ಯಾಂಪು ಮಾಡಿಸಿದ. ದುಂಡನೆಯ ಗೆರೆಯೊಳಗೆ ಒಂದು ಹಂಸ. ಅದನ್ನು ನೇರಳೆ ಮಸಿಯ ಪ್ಯಾಡಿಗೆ ಅದ್ದಿ ಒಬ್ಬೊಬ್ಬರ ಮುಂಗೈ ಮೇಲೆ ಒತ್ತುವುದು. ಕೈಯನ್ನಂತೂ ಕಿತ್ತು ಗೋಡೆಯಾಚೆ ಎಸೆಯೋಕಾಗಲ್ಲವಲ್ಲ ಅಂತ ಅವನೇ ಹೇಳಿ ನಗುತ್ತಿದ್ದ.

ಆದರೆ ಅವನು ಹೆಂಗಸರ ಕೈ ಹಿಡಿದು ಒತ್ತುವಾಗ ಬೇಗ ಬಿಡುತ್ತಿರಲಿಲ್ಲವಂತೆ. ಬಳೆ ಸರಿಸುವ ನೆಪದಲ್ಲಿ ಮೊಳಕೈವರೆಗೂ ಹೋಗುತ್ತಿದ್ದನಂತೆ. ಯಾರೋ ವ್ಯಾಪಾರಿಯ ಹೆಂಡತಿ ಗಲಾಟೆ ಮಾಡಿದ ಮೇಲೆ ಮಾಲೀಕರು, ಹೆಂಗಸರ ಸಾಲಿಗೆ ಒಬ್ಬ ಹುಡುಗಿಯನ್ನೇ ಇಡು ಅಂದರು. ಹಾಗೆ ನನಗೆ ಆ ಕೆಲಸ ಸಿಕ್ಕಿತು. ಇದೆಲ್ಲ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ವಾರವಾದ ಮೇಲೆ. ಅಪ್ಪನಿಗೆ ಹೇಳಿದ್ದು, ಲಾಡ್ಜಿನಲ್ಲಿ ರಿಜಿಸ್ಟರು ಬರೆಯುವ ಕೆಲಸ ಅಂತ. ಅದೂ ಸುಳ್ಳಲ್ಲ. ಮಧ್ಯಾಹ್ನದಿಂದ ರಿಜಿಸ್ಟರು, ಆರೂವರೆಗೆ ಕೌಂಟರಿನಲ್ಲಿ ಮುದ್ರೆ, ಏಳೂಕಾಲಿಗೆ ಗೇಟಿನಲ್ಲಿ ಅದೇ ಮುದ್ರೆಗಳನ್ನು ನೋಡಿ ನೋಡಿ ಒಳಗೆ ಬಿಡುವುದು.

ನಾನು ಸೇರಿದಾಗ ದಸರಾ ಕಳೆದು ಮಳೆ ಹಿಂದಾಗುತ್ತಿತ್ತು. ಮುದ್ರೆ ಒತ್ತುವುದರಲ್ಲಿ ಅಂಥ ಅಸಹ್ಯವೇನಿದೆ ಅನ್ನಿಸಬಹುದು. ಬೆವರಿದ ಕೈ, ಎಣ್ಣೆ ಜಿಡ್ಡಿನ ಕೈ, ಆಗಷ್ಟೇ ಊಟ ಮಾಡಿ ಸರಿಯಾಗಿ ತೊಳೆಯದ ಕೈ. ನಿನ್ನೆಯ ಮುದ್ರೆಯ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು; ನಾಲ್ಕು ದಿನ ಉಳಿದವರ ಮುಂಗೈ ಪೆಟ್ಟು ಬಿದ್ದು ಕಂದಿದ ಹಾಗೆ ಕಾಣುತ್ತಿತ್ತು. ಮಸಿಯ ಪ್ಯಾಡಿನಿಂದ ಹುಳಿವಾಸನೆ ಬರುತ್ತಿತ್ತು. ಇದೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಜಯಣ್ಣನ ಹೆಬ್ಬೆರಳು.

ಅಕ್ಕಪಕ್ಕದ ಕಾರ್ಖಾನೆ ಹುಡುಗರು ಆಲೂಗಡ್ಡೆ ಕೊರೆದು ಹಂಸದ ಮುದ್ರೆ ಮಾಡಿಕೊಂಡು, ಪೆನ್ನಿನ ಮಸಿ ಬಳಿದುಕೊಂಡು ಬರತೊಡಗಿದ್ದರು. ಅಂಥ ಮುದ್ರೆ ಒದ್ದೆ ಮಾಡಿ ಉಜ್ಜಿದರೆ ಅಳಿಸುತ್ತಿತ್ತು. ನಮ್ಮ ಮಸಿ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಜಯಣ್ಣ ಗೇಟಿನಲ್ಲಿ ನನ್ನ ಪಕ್ಕ ನಿಂತು, ಎಲೆಅಡಿಕೆ ತುಂಬಿದ ಬಾಯಿಗೆ ಹೆಬ್ಬೆರಳು ಅದ್ದಿ, ಬಂದವರ ಮುಂಗೈ ಮೇಲೆ ಗಸಗಸ ಉಜ್ಜುತ್ತಿದ್ದ. ಒಬ್ಬರಾದ ಮೇಲೆ ಒಬ್ಬರು. ಅದೇ ಎಂಜಲು ಬೆರಳು. ಗಂಡಸರನ್ನು ಬಟ್ಟೆ ನೋಡಿ ಬಿಟ್ಟುಬಿಡುತ್ತಿದ್ದ. ಹೆಂಗಸರನ್ನು ಮಾತ್ರ ಕಡ್ಡಾಯವಾಗಿ ಪರೀಕ್ಷಿಸುತ್ತಿದ್ದ.

"ಸಾರ್, ಒದ್ದೆ ಬಟ್ಟೆ ಇಟ್ಕೊಂಡ್ರೆ ಆಗಲ್ವಾ?" ಅಂತ ಒಮ್ಮೆ ಕೇಳಿದೆ.

"ಮುದ್ರೆ ಒತ್ತೋದು ನಿನ್ನ ಕೆಲ್ಸ, ಪರೀಕ್ಷೆ ನನ್ನ ಕೆಲ್ಸ" ಅಂದ. "ನಿಂಗೂ ಕಲಿಸ್ತೀನಿ ಬಾ. ಮೊದ್ಲು ಕಾಲು ನೋಡು. ಹಿಮ್ಮಡಿ ಒಡೆದಿದ್ರೆ ಲಾಡ್ಜಿನವರಲ್ಲ. ಆಮೇಲೆ ಚಪ್ಪಲಿ. ಕೈ ನೋಡೋ ಹೊತ್ತಿಗೆ ನಿಂಗೆ ಅರ್ಧ ಗೊತ್ತಾಗಿರ್ಬೇಕು."

ನಾನು ಕಲಿತೆ. ಅದೇ ನಾಚಿಕೆಗೇಡು. ಎರಡೇ ವಾರದಲ್ಲಿ ನನ್ನ ಕಣ್ಣು ತಾನಾಗಿಯೇ ಜನರ ಹಿಮ್ಮಡಿಗೆ ಹೋಗುತ್ತಿತ್ತು. ನಮ್ಮಮ್ಮನ ಹಿಮ್ಮಡಿಯೂ ಒಡೆದಿತ್ತು ಅನ್ನುವುದು ಮನೆಗೆ ಹೋದ ಮೇಲೆ ನೆನಪಾಗುತ್ತಿತ್ತು.

ನವೆಂಬರಿನ ಒಂದು ತುಂತುರು ಮಧ್ಯಾಹ್ನ ಶಿವಲೀಲಾ ಟೀಚರ್ ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹಣೆಯಲ್ಲಿ ತೆಳ್ಳಗೆ ವಿಭೂತಿ. ವಯಸ್ಸು ನಲವತ್ತರ ಹತ್ತಿರ. ಗದಗದ ಕಡೆಯವರು, ರಾಜಾಜಿನಗರದ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ಸಾಗಿ ನೇಮಕವಾಗಿತ್ತು. ಮೊದಲ ಒಂದು ವರ್ಷ ಪರೀಕ್ಷಾವಧಿ, ದೂರು ಬಂದರೆ ಕೆಲಸ ಖಾಯಂ ಆಗುವುದಿಲ್ಲ. ಮಹಾಲಕ್ಷ್ಮಿ ಲೇಔಟಿನಲ್ಲಿ ಅವರಿಗೆ ಗೊತ್ತು ಮಾಡಿದ್ದ ಮನೆ ಖಾಲಿಯಾಗುವುದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಅಲ್ಲಿಯವರೆಗೆ ಲಾಡ್ಜು.

ರಿಜಿಸ್ಟರಿನಲ್ಲಿ 'ಗಂಡನ ಹೆಸರು' ಅನ್ನುವ ಕಾಲಮಿಗೆ ಬಂದು ನಾನು ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ.

"ಲಗ್ನ ಆಗಿಲ್ಲವ್ವಾ. ಅಲ್ಲೊಂದು ಗೆರಿ ಎಳಿ" ಅಂದರು ಶಾಂತವಾಗಿ.

ನನ್ನ ಹಿಂದೆ ನಿಂತಿದ್ದ ಜಯಣ್ಣ ಆ ಗೆರೆಯನ್ನು ಬಗ್ಗಿ ನೋಡಿದ. ಹದಿನಾಲ್ಕನೇ ನಂಬರಿನ ಬೀಗದ ಕೈ ಕೊಡುವಾಗ ಅವರನ್ನು ಕಾಲಿನಿಂದ ತಲೆವರೆಗೆ ನೋಡಿದ.

ಆ ಸಂಜೆಯೇ ಗೇಟಿನಲ್ಲಿ ಅವರ ಸರದಿ ಬಂದಾಗ ಜಯಣ್ಣ ಬೆರಳನ್ನು ಬಾಯಿಗೆ ಒಯ್ದ. ಶಿವಲೀಲಾ ಟೀಚರ್ ಕೈ ಹಿಂದಕ್ಕೆಳೆದುಕೊಂಡರು.

"ಏನ್ರೀ ಇದು? ಎಂಜಲಾ ಹಚ್ಚಾಕ ಬರ್ತೀರೇನು? ಸರೀರಿ ಅತ್ಲಾಗ!" ಅವರ ದನಿ ತರಗತಿಯ ಕೊನೆಯ ಬೆಂಚಿಗೆ ಕೇಳುವಂಥದ್ದು. "ನಾ ಹದಿನಾಲ್ಕನೇ ನಂಬರಿನಾಕಿ. ನಿಮ್ಮ ಪುಸ್ತಕದಾಗ ಐತಿ, ಬೇಕಾದರ ಹೋಗಿ ನೋಡ್ಕೋರಿ."

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಹಿಂದಿನಿಂದ ಒಬ್ಬ ಹೆಂಗಸು "ಸರಿಯಾಗಿ ಹೇಳಿದ್ರಿ" ಅಂದರು. ಜಯಣ್ಣ ಹಲ್ಲು ಕಿರಿದು, "ಹೋಗಿ ಮೇಡಂ, ಹೋಗಿ" ಅಂತ ದಾರಿ ಬಿಟ್ಟ. ಅವನ ಕಿವಿ ಮಾತ್ರ ಕೆಂಪಾಗಿತ್ತು. ಅದಾದ ಮೇಲೆ ಅವರ ಕೈ ಮುಟ್ಟುವ ಗೋಜಿಗೆ ಅವನು ಹೋಗಲಿಲ್ಲ. ಬೇರೆ ಹೆಂಗಸರ ಕೈಗೆ ಉಜ್ಜುವುದನ್ನೂ ಬಿಡಲಿಲ್ಲ.

ಟೀಚರ್ ದಿನವೂ ಸಂಜೆ ಬರುತ್ತಿದ್ದರು. ಕೊಳದ ದಂಡೆಯಲ್ಲಿ ಎರಡು ಸುತ್ತು ನಡೆದು ಸುಮ್ಮನೆ ಕೂರುತ್ತಿದ್ದರು. "ದಿನಾ ಹುಡುಗ್ಯಾರ ಗದ್ದಲದಾಗ ಇರತೀನಿ. ಇಲ್ಲಿ ತಾಸೊತ್ತು ಕೂತರ ತಲಿ ತಣ್ಣಗಾಗತದ" ಅನ್ನುತ್ತಿದ್ದರು. ಒಮ್ಮೊಮ್ಮೆ ಜೈಂಟ್ ವೀಲಿನಲ್ಲಿ ಒಬ್ಬರೇ ಕೂತು, ಕಣ್ಣು ಮುಚ್ಚಿಕೊಂಡು ಮೇಲಕ್ಕೆ ಹೋಗಿ ಬರುತ್ತಿದ್ದರು. ಸಂಜೆ ಕೌಂಟರಿನಲ್ಲಿ ಜನ ಇಲ್ಲದಾಗ ನನ್ನ ಜೊತೆ ಮಾತಿಗೆ ನಿಲ್ಲುತ್ತಿದ್ದರು. ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಡುತ್ತಿದ್ದರು. ನಾನು ಮುಂದೆ ಓದಬೇಕು ಅನ್ನುವುದನ್ನು ನನಗಿಂತ ಮೊದಲು ಅವರೇ ತೀರ್ಮಾನಿಸಿಬಿಟ್ಟಿದ್ದರು.

"ನೀ ಒಮ್ಮೆರ ಆ ಗಾಲಿಯಾಗ ಕೂತೀಯೇನು?" ಅಂತ ಒಂದು ದಿನ ಕೇಳಿದರು.

"ಇಲ್ಲ ಟೀಚರ್. ಕೆಲ್ಸದವ್ರು ಕೂರಂಗಿಲ್ಲ."

"ಹಂಗೇನು?" ಅಂದವರು ಆ ದಿನ ತಾವೂ ಕೂರಲಿಲ್ಲ.

ಹತ್ತು ಹನ್ನೆರಡು ದಿನವಾದ ಮೇಲೆ ಮುದ್ರೆ ಹಾಕಿಸಿಕೊಳ್ಳುವಾಗ ಮೆಲ್ಲಗೆ ಅಂದರು, "ಸರೋಜಾ, ಸ್ವಲ್ಪ ಹಗೂರಕ ಒತ್ತವಾ. ಬೋರ್ಡಿನ ಮ್ಯಾಲೆ ಬರಿಯಾಕ ಕೈ ಎತ್ತಿದರ ಇದು ಕಾಣತದ. ಹುಡುಗ್ಯಾರು ಪಿಸುಪಿಸು ಅಂತಾವು. ನನಗೂ ಸಂತ್ಯಾಗ ಮಾರಾಟಾದ ದನದ ಗತೆ ಅನಸ್ತದ."

ಆವತ್ತಿನಿಂದ ಅವರ ಕೈ ಮೇಲೆ ಸ್ಟ್ಯಾಂಪನ್ನು ತಾಗಿಸಿಯೂ ತಾಗಿಸದ ಹಾಗೆ ಇಡುತ್ತಿದ್ದೆ. ಹಂಸದ ಕತ್ತು, ಅರ್ಧ ದುಂಡು ಗೆರೆ ಅಷ್ಟೇ ಮೂಡುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿದರೆ ಹೋಗಿಬಿಡುತ್ತಿತ್ತು. ಆ ಕೆಲಸದಲ್ಲಿ ನಾನು ಮನಸಾರೆ ಮಾಡುತ್ತಿದ್ದದ್ದು ಅದೊಂದೇ.

ಡಿಸೆಂಬರಿನಲ್ಲಿ ಚಳಿ ಬಲಿಯಿತು. ಸಂಜೆಗೇ ಹೊಲಗಳ ಮೇಲೆ ಮಂಜು ಇಳಿಯುತ್ತಿತ್ತು. ಗಾಳಿಯಲ್ಲಿ ಸೊಗಡವರೆಯ ಘಮ. ಒಂದು ಶನಿವಾರ ಮಾಲೀಕರ ಬೀಗರ ಕಡೆಯವರು ಎರಡು ಕಾರಿನಲ್ಲಿ ಬಂದಿಳಿದರು. ಕೊಳದಲ್ಲಿ ಒಂದು ಸುತ್ತು ದೋಣಿ ಹೋಗಿ ಬಂದ ಅವರಲ್ಲೊಬ್ಬ ಯಜಮಾನ, "ಏನಯ್ಯಾ, ಲಾಡ್ಜಿನವರಿಗೆ ಮಾತ್ರ ಅಂತ ಬೋರ್ಡು ಹಾಕ್ತೀರಾ, ಸಿಕ್ಕಸಿಕ್ಕವರೆಲ್ಲ ಒಳಗಿದ್ದಾರಲ್ಲ" ಅಂತ ಜಯಣ್ಣನಿಗೆ ಗದರಿದ. ನಿಜಕ್ಕೂ ಆ ಸಂಜೆ ಹೊರಗಿನವರು ಯಾರೂ ಇರಲಿಲ್ಲ. ಆದರೆ ಜಯಣ್ಣನಿಗೆ ಯಾರನ್ನಾದರೂ ಹಿಡಿದು ತೋರಿಸಬೇಕಿತ್ತು.

ಜೈಂಟ್ ವೀಲು ನಿಲ್ಲಿಸಿದರು. ಇಳಿದವರನ್ನೆಲ್ಲ ದೀಪದ ಕಂಬದ ಕೆಳಗೆ ಸಾಲಾಗಿ ನಿಲ್ಲಿಸಿ ಕೈ ಮುಂದೆ ಮಾಡಿ ಅಂದ. ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಮೂರು ಕೈ, ನಾಲ್ಕು ಕೈ ಉಜ್ಜಿದ, ಮಸಿ ಹೋಗಲಿಲ್ಲ. ಐದನೆಯವರು ಶಿವಲೀಲಾ ಟೀಚರ್. ಅವರು ಕೈ ಹಿಂದೆಗೆಯುವ ಮೊದಲೇ ಜಯಣ್ಣ ಮುಂಗೈಯನ್ನು ಗಬಕ್ಕನೆ ಹಿಡಿದುಕೊಂಡ. ತಿಂಗಳಿಂದ ಕಾದಿದ್ದವನ ಹಾಗೆ ಬೆರಳನ್ನು ಬಾಯೊಳಗೆ ತಿರುಗಿಸಿ ತಿರುಗಿಸಿ ಒದ್ದೆ ಮಾಡಿಕೊಂಡ. ಕೆಂಪು ಎಂಜಲಿನಿಂದ ಉಜ್ಜಿದ. ಹಂಸದ ಕತ್ತು ಅಳಿಸಿಹೋಯಿತು. ಅವರ ಬಿಳಿಚಿದ ಮುಂಗೈ ಮೇಲೆ ಎಲೆಅಡಿಕೆಯ ಕೆಂಪು ಮಾತ್ರ ಉಳಿಯಿತು.

"ನೋಡಿ ಸಾರ್, ನಕಲಿ!" ಅಂತ ಆ ಯಜಮಾನನಿಗೆ ತೋರಿಸಿದ.

"ನಾ ಇಲ್ಲೇ ಇರಾಕಿ. ಇದು ನಿಮಗೂ ಗೊತ್ತೈತಿ" ಅಂದರು ಟೀಚರ್. ದನಿ ನಡುಗುತ್ತಿತ್ತು. "ಈ ಹುಡುಗೀನ ಕೇಳ್ರಿ. ಮುದ್ರಿ ಹಾಕಿದಾಕಿ ಈಕೀನ."

ಜಯಣ್ಣ ನನ್ನ ಕಡೆ ತಿರುಗಿದ. "ಏನಮ್ಮ ಸರೋಜ, ಇದು ನೀನು ಒತ್ತಿದ್ದಾ? ನೀನು ಒತ್ತಿದ್ದು ಹಿಂಗೆ ಹೋಗುತ್ತಾ?"

ಆ ಯಜಮಾನ, ಅವನ ಮನೆಯ ಹೆಂಗಸರು, ಕಾವಲುಗಾರ, ವೀಲು ತಿರುಗಿಸುವವನು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹಗುರವಾಗಿ ಒತ್ತಿದ್ದು ನಾನೇ ಅಂದರೆ ನನ್ನ ಕೆಲಸ ಹೋಗುತ್ತದೆ ಅಂತ ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

"ನೆನಪಿಲ್ಲ ಸಾರ್" ಅಂದೆ.

ಟೀಚರ್ ನನ್ನನ್ನು ಬಯ್ಯಲಿಲ್ಲ. ಕೊಳದ ಹತ್ತಿರ ಹೋಗಿ ಬಗ್ಗಿ ಕೈ ತೊಳೆದುಕೊಂಡರು. ತುಂಬ ಹೊತ್ತು ತೊಳೆದರು. ಕಾವಲುಗಾರ ಬೆತ್ತ ಹಿಡಿದು ಹಿಂದೆ ನಿಂತೇ ಇದ್ದ. ಆಮೇಲೆ ಅವರನ್ನು ದೊಡ್ಡ ಗೇಟಿನಿಂದ ಹೊರಗೆ ಕಳಿಸಿದರು. ಮಾಗಡಿ ರಸ್ತೆಗೆ ಬಂದು, ಗೋಡೆ ಬಳಸಿ ಕತ್ತಲೆಯಲ್ಲಿ ನಡೆದು ಅವರು ತಮ್ಮ ಲಾಡ್ಜಿಗೇ ಮತ್ತೆ ಬರಬೇಕಾಯಿತು.

ಮಾರನೆಯ ಮಧ್ಯಾಹ್ನ ನಾನು ಕೆಲಸಕ್ಕೆ ಹೋದಾಗ ಹದಿನಾಲ್ಕನೇ ನಂಬರು ಖಾಲಿಯಾಗಿತ್ತು. ಸಹೋದ್ಯೋಗಿಯೊಬ್ಬರ ಮನೆಗೆ ಹೋದರು ಅಂತ ಕಸ ಗುಡಿಸುವಾಕೆ ಹೇಳಿದಳು.

ಅಷ್ಟಕ್ಕೆ ಮುಗಿದಿದ್ದರೆ ನಾನು ಹೇಗೋ ಮರೆತುಬಿಡುತ್ತಿದ್ದೆನೇನೋ. ಸೋಮವಾರ ಜಯಣ್ಣ ನನ್ನನ್ನು ಒಳಗೆ ಕರೆದು ಬಿಳಿ ಹಾಳೆ ಮುಂದಿಟ್ಟ. "ನಿನ್ನ ಅಕ್ಷರ ದುಂಡಗಿದೆ. ನಾನು ಹೇಳ್ತೀನಿ, ನೀನು ಬರ್ಕೊ" ಅಂದ. ಕಾಗದ ಆ ಹೈಸ್ಕೂಲಿನ ಆಡಳಿತ ಮಂಡಳಿಗೆ. ತಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನಮ್ಮಲ್ಲಿ ತಂಗಿದ್ದು, ನಕಲಿ ಮುದ್ರೆ ಹಾಕಿಕೊಂಡು ಸಂಚರಿಸುತ್ತಿರುವಾಗ ಸಿಕ್ಕಿಬಿದ್ದಿರುತ್ತಾರೆ. ಸದರಿಯವರು ಒಂಟಿ ಹೆಂಗಸಾಗಿದ್ದು...

ನನ್ನ ಪೆನ್ನು ನಿಂತಿತು.

"ಬರಿಯಮ್ಮ. ಯಾಕೆ ನಿಲ್ಲಿಸ್ಬಿಟ್ಟೆ?" ಅಂದ. ಬಾಯಲ್ಲಿ ಎಲೆಅಡಿಕೆ ಕಚಪಚ ಅನ್ನುತ್ತಿತ್ತು. "ಸದರಿಯವರು ಒಂಟಿ ಹೆಂಗಸಾಗಿದ್ದು, ಅವರ ನಡತೆಯ ಬಗ್ಗೆ ತಾವೇ ವಿಚಾರಿಸಿಕೊಳ್ಳತಕ್ಕದ್ದು. ಬರ್ದ್ಯಾ?"

ಬರೆದೆ. ಒಂದು ಅಕ್ಷರವೂ ಸೊಟ್ಟಗಾಗದಂತೆ ಬರೆದೆ.

ಗುರುವಾರ ಶಾಲೆಯ ಜವಾನ ಉತ್ತರ ತಂದ. ಶನಿವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ, ಮ್ಯಾನೇಜರು ಬಂದು ಹೇಳಿಕೆ ಕೊಡಬೇಕು ಅಂತ ಅದರಲ್ಲಿತ್ತು. ಜಯಣ್ಣ ಓದಿ ನನ್ನ ಮೇಜಿನ ಮೇಲೆ ಎಸೆದ. "ನಾನ್ಯಾಕೆ ಹೋಗ್ಲಿ? ಕಾಗದಾನೇ ಸಾಕು. ಮನೆಗೆ ಕಳಿಸ್ತಾರೆ ನೋಡ್ತಾ ಇರು" ಅಂದು ನಕ್ಕ.

ಅವತ್ತು ಮನೆಯಲ್ಲಿ ಅಮ್ಮ ಅವರೆಕಾಳಿನ ಸಾರು ಮಾಡಿದ್ದರು. ತಟ್ಟೆಯ ಮುಂದೆ ಕೂತು ಕೈ ಮೂಗಿನ ಹತ್ತಿರ ಬಂದಾಗ ಮಸಿಯ ಹುಳಿವಾಸನೆ ಬಡಿಯಿತು. ಅದರೊಳಗೆ ಆ ಎಲೆಅಡಿಕೆಯ ವಾಸನೆಯೂ ಇದೆ ಅನ್ನಿಸಿತು. ಎದ್ದು ಬಚ್ಚಲಿಗೆ ಓಡಿದೆ. ವಾಂತಿಯಾಗಿ ಬಾಯಿ ತೊಳೆದು ಬಂದಾಗ ಅಪ್ಪ ಊಟ ಬಿಟ್ಟು ನಿಂತಿದ್ದರು.

"ಏನಾಯ್ತಮ್ಮ?" ಅಂದರು.

ಎಲ್ಲ ಹೇಳಿದೆ. ಹೆಬ್ಬೆರಳಿನಿಂದ ಹಿಡಿದು ಕಾಗದದವರೆಗೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಆ ಕಾಗದ ನಿನ್ನ ಕೈಬರಹದಲ್ಲೇ ಇದೆಯಾ?"

"ಹೂಂ ಅಪ್ಪ."

"ಲೇತ್ ಮೇಲೆ ಒಂದು ಪೀಸ್ ಕೆಟ್ರೆ ನಾನೇ ಹೋಗಿ ಫೋರ್‌ಮನ್ ಮುಂದೆ ಇಡ್ತೀನಿ. ಬೇರೆಯವರದರ ಕೆಳಗೆ ಬಚ್ಚಿಡಲ್ಲ. ಶನಿವಾರ ರಜಾ ಹಾಕ್ತೀನಿ. ಇಬ್ರೂ ಹೋಗೋಣ."

"ಮದ್ವೆ ಆಗ್ಬೇಕಾದ ಹುಡುಗಿ ಕಣ್ರೀ. ನಾಲ್ಕು ಜನ ಗಂಡಸರ ಮುಂದೆ ಹೋಗಿ ಇದನ್ನೆಲ್ಲ ಹೇಳ್ತಾಳಾ?" ಅಂದರು ಅಮ್ಮ.

"ಆ ಟೀಚರಮ್ಮನೂ ನಾಲ್ಕು ಜನರ ಮುಂದೇನೇ ತಾನೆ ನಿಂತಿದ್ದು?" ಅಂದರು ಅಪ್ಪ.

ಶುಕ್ರವಾರ ಕೆಲಸ ಮುಗಿದ ಮೇಲೆ ಸ್ಟ್ಯಾಂಪು, ಪ್ಯಾಡು ಎರಡನ್ನೂ ಡ್ರಾಯರಿಗೆ ಹಾಕುವ ಬದಲು ಊಟದ ಚೀಲಕ್ಕೆ ಹಾಕಿಕೊಂಡೆ. ಅದು ಕಳ್ಳತನವೇ. ಆ ಲಾಡ್ಜಿನಲ್ಲಿ ನಾನು ಮಾಡಿದ ಕೆಲಸಗಳ ಪೈಕಿ ಅದಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ.

ಶಾಲೆಯ ಆಫೀಸು ಕೋಣೆಯಲ್ಲಿ ಮಂಡಳಿಯ ಮೂವರು ಕೂತಿದ್ದರು. ನಡುವೆ ಶಾಲು ಹೊದ್ದ ಅಧ್ಯಕ್ಷರು, ನಿವೃತ್ತ ಅಧಿಕಾರಿ. ಅವರೆದುರು ಸ್ವಲ್ಪ ದೂರಕ್ಕೆ ಒಂದೇ ಕುರ್ಚಿ. ಅದರಲ್ಲಿ ಶಿವಲೀಲಾ ಟೀಚರ್. ನಾನು ಬಾಗಿಲಲ್ಲಿ ಕಂಡಾಗ ಅವರ ಮುಖ ಬದಲಾಗಲಿಲ್ಲ. ಇನ್ನೊಂದು ಸುಳ್ಳು ಹೇಳಲು ಬಂದಿದ್ದಾಳೆ ಅಂದುಕೊಂಡಿರಬೇಕು.

"ನಾನು ಆ ಲಾಡ್ಜಿನಲ್ಲಿ ಕೆಲಸ ಮಾಡೋಳು ಸಾರ್" ಅಂದೆ. "ನಿಮ್ಮ ಮುಂದಿರೋ ಕಾಗದ ಬರೆದದ್ದು ನಾನು. ಅದರಲ್ಲಿರೋದು ಸುಳ್ಳು. ಟೀಚರ್ ಕೈಗೆ ಮುದ್ರೆ ಹಾಕಿದ್ದು ನಾನೇ."

"ಹಾಗಾದ್ರೆ ಉಜ್ಜಿದರೆ ಅಳಿಸಿದ್ದು ಹೇಗೆ?" ಅಂತ ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು.

ಚೀಲದಿಂದ ಪ್ಯಾಡು ತೆಗೆದು ಮೇಜಿನ ಮೇಲಿಟ್ಟೆ. ಸ್ಟ್ಯಾಂಪು ಅದ್ದಿ ನನ್ನ ಎಡಗೈ ಮೇಲೆ ಬಲವಾಗಿ ಒತ್ತಿದೆ. ಮತ್ತೆ ಅದ್ದಿ ಬಲಗೈ ಮೇಲೆ ಹಗುರವಾಗಿ ತಾಗಿಸಿದೆ. ಅಲ್ಲಿದ್ದ ಹೂಜಿಯ ನೀರಿನಲ್ಲಿ ಕರ್ಚೀಫು ಅದ್ದಿಕೊಂಡು ಎರಡನ್ನೂ ಉಜ್ಜಿದೆ. ಎಡಗೈಯ ಹಂಸ ಹಾಗೇ ಇತ್ತು. ಬಲಗೈಯದು ಹೋಗಿತ್ತು.

"ಒಂದೇ ಸ್ಟ್ಯಾಂಪು, ಒಂದೇ ಮಸಿ ಸಾರ್. ಪಾಠ ಮಾಡೋವಾಗ ಕಾಣುತ್ತೆ, ಹಗುರಕ್ಕೆ ಒತ್ತು ಅಂತ ಟೀಚರ್ ಕೇಳಿದ್ರು. ಹಾಗೆ ಒತ್ತಿದೆ. ಆವತ್ತು ಎಲ್ಲರ ಮುಂದೆ ಕೇಳಿದಾಗ ನೆನಪಿಲ್ಲ ಅಂದೆ. ನೆನಪಿತ್ತು." ಆಮೇಲೆ ಜಯಣ್ಣನ ಹೆಬ್ಬೆರಳಿನ ವಿಷಯವನ್ನೂ ಹೇಳಿದೆ. ಮೂವರಲ್ಲಿ ಒಬ್ಬರು "ಥೂ" ಅಂದರು.

ಅಧ್ಯಕ್ಷರು ಕಾಗದವನ್ನು ಮಡಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಕುರ್ಚಿಗೆ ಒರಗಿ, ನನ್ನ ಎರಡು ಕೈಗಳನ್ನೂ, ಆಮೇಲೆ ನನ್ನನ್ನೂ ನಿಧಾನವಾಗಿ ನೋಡಿದರು. ಜಯಣ್ಣನ ಬಾಯಲ್ಲಿ ಎಲೆಅಡಿಕೆ ಇತ್ತು, ಇವರ ಬಾಯಲ್ಲಿ ಇರಲಿಲ್ಲ. ನೋಟ ಅದೇ.

"ಅದು ಸರಿ. ನೀನು ಆ ಲಾಡ್ಜಿಂದ ಮನೆಗೆ ಹೋಗೋದು ಎಷ್ಟೊತ್ತಿಗೆ? ಯಾರ ಜೊತೆ ಹೋಗ್ತೀಯ?"

ಪಕ್ಕದವರು ಮೀಸೆಯೊಳಗೇ ನಕ್ಕರು. ನನ್ನ ಹಿಂದೆ ಅಪ್ಪನ ಉಸಿರು ಬಿಗಿಯಾದದ್ದು ಕೇಳಿಸಿತು.

ಕುರ್ಚಿ ಸರಿದ ಸದ್ದಾಯಿತು. ಶಿವಲೀಲಾ ಟೀಚರ್ ಎದ್ದು ನಿಂತಿದ್ದರು.

"ಆಕಿ ಎಷ್ಟೊತ್ತಿಗೆ ಮನಿಗೆ ಹೋಗತಾಳ ಅನ್ನೂದು ಇಲ್ಲಿ ವಿಷಯ ಅಲ್ಲ" ಅಂದರು. "ನನ್ನ ವಿಚಾರಣಿ ಮಾಡ್ರಿ, ನಾ ಕೂತೀನಿ. ಆ ಹುಡುಗಿ ತಾನಾಗೇ ಬಂದು ಖರೇ ಹೇಳ್ಯಾಳ. ಆಕೀನ ಹಿಂಗ ಕೇಳೂದಾದರ ಈ ಸಾಲಿ ನೌಕರಿ ನನಗ ಬ್ಯಾಡ. ಈಗ ರಾಜೀನಾಮೆ ಬರಕೊಡತೀನಿ."

ತನ್ನ ಕೆಲಸ ಉಳಿಯುತ್ತದೆಯೋ ಇಲ್ಲವೋ ಅಂತ ಗೊತ್ತಿಲ್ಲದ ಹೆಂಗಸು, ವಾರದ ಹಿಂದೆ ತನ್ನನ್ನು ಕೈಬಿಟ್ಟವಳಿಗಾಗಿ ಆ ಕೆಲಸವನ್ನೇ ಮೇಜಿನ ಮೇಲೆ ಇಟ್ಟಿದ್ದರು. ಅದಕ್ಕೆ ಅವರು ಒಂದು ಕ್ಷಣವೂ ಯೋಚಿಸಿದಂತೆ ಕಾಣಲಿಲ್ಲ. ಅಧ್ಯಕ್ಷರು ಕೆಮ್ಮಿದರು. "ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ. ಸುಮ್ಮನೆ ಕೇಳಿದೆ" ಅಂದು, ಕಾಗದದ ಮೇಲೆ 'ಆಧಾರವಿಲ್ಲ' ಅಂತ ಬರೆದು ರುಜು ಹಾಕಿದರು.

ಆ ಸ್ಟ್ಯಾಂಪನ್ನು ಅಪ್ಪನೇ ತೆಗೆದುಕೊಂಡು ಹೋಗಿ ಜಯಣ್ಣನ ಮೇಜಿನ ಮೇಲೆ ಇಟ್ಟು ಬಂದರು. ಏನು ಮಾತಾಯಿತು ಅಂತ ನನಗೆ ಹೇಳಲಿಲ್ಲ. ನಾನು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಜಯಣ್ಣನಿಗೆ ಏನೂ ಆಗಲಿಲ್ಲ. ಸಂಕ್ರಾಂತಿ ಹೊತ್ತಿಗೆ ಹೆಂಗಸರ ಸಾಲಿಗೆ 'ಬೇರೆ ಹುಡುಗಿ ಬಂದವ್ಳೆ' ಅಂತ ಮಾರೇನಹಳ್ಳಿಯ ಗೆಳತಿಯೊಬ್ಬಳು ಹೇಳಿದಳು. ನಾನು ಟೈಪಿಂಗ್ ಕಲಿತೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದೆ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಅಲ್ಲೇ ನಿವೃತ್ತಳಾದೆ. ಆ ವಿಹಾರಧಾಮ ಕೆಲವು ವರ್ಷ ನಡೆದು ನಿಂತು, ಸೈಟುಗಳಾಗಿ ಹಂಚಿಹೋಯಿತು. ಶಿವಲೀಲಾ ಟೀಚರ್ ಆ ಶಾಲೆಯಲ್ಲೇ ಬಹಳ ಕಾಲ ಇದ್ದರು. ರಸ್ತೆಯಲ್ಲಿ ಸಿಕ್ಕರೆ ನಿಂತು, ಓದು ಹೇಗೆ ನಡೆದಿದೆ ಅಂತ ಕೇಳುತ್ತಿದ್ದರು. ರೊಟ್ಟಿ ಕೊಡುತ್ತಿದ್ದ ದಿನಗಳ ಸಲಿಗೆ ಮಾತ್ರ ಮತ್ತೆ ಬರಲಿಲ್ಲ. ಅದು ನ್ಯಾಯವೇ.

ವಿಚಾರಣೆಯ ದಿನ ನಾವು ಹೊರಡುವಾಗ ಅವರು ಜಗಲಿಯವರೆಗೆ ಬಂದಿದ್ದರು. ಅಪ್ಪ ಅವರಿಗೆ ಕೈ ಮುಗಿದು, ಸೈಕಲ್ ತರಲು ಮುಂದೆ ಹೋದರು. ನಾವಿಬ್ಬರೇ ಉಳಿದೆವು.

"ಆವತ್ತ ಯಾಕ ಹಂಗಂದಿ, ಸರೋಜಾ?" ಅಂತ ಕೇಳಿದರು.

"ಹೆದರಿಕೆ ಆಯ್ತು ಟೀಚರ್."

ಅವರು ತಲೆದೂಗಿದರು. ಕ್ಷಮಿಸಿದೆ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಒಳಗೆ ಯಾವುದೋ ತರಗತಿಯ ಹುಡುಗಿಯರು ಗದ್ದಲ ಮಾಡುತ್ತಿದ್ದರು. ಅವರು ಸೆರಗು ಹೊದ್ದುಕೊಂಡು ಆ ಕಡೆ ತಿರುಗಿದರು.

"ನನಗೂ ಹೆದರಿಕಿ ಆಗಿತ್ತವಾ" ಅಂದು ಪಾಠಕ್ಕೆ ಹೋದರು.